ಖಾಲಿ ಜ್ಯಾಕಿಗೆ ಮುಚ್ಚಳ ಬೇಕೇ?

ಮನೆಯ ಆಂಪ್ಲಿಫೈಯರನ್ನೋ ಹೋಮ್ ಥಿಯೇಟರನ್ನೋ ಹಿಂದುಮುಂದಾಗಿ ತಿರುಗಿಸಿದರೆ ಸಾಲುಸಾಲು ತೂತುಗಳು ಕಾಣುತ್ತವೆ. ಬಳಕೆಯಲ್ಲಿರುವುದು ಟಿವಿಯ ಒಂದು ಜೋಡಿ, ಹೆಚ್ಚೆಂದರೆ ಡಿವಿಡಿಯ ಇನ್ನೊಂದು ಜೋಡಿ. ಬ್ಲೂಟೂತ್ ಬಂದ ಮೇಲೆ ಅವಕ್ಕೂ ಕೆಲಸ ಕಡಿಮೆ. ಮಿಕ್ಕ ಕೆಂಪು-ಬಿಳಿ ಜ್ಯಾಕುಗಳು ವರ್ಷಗಟ್ಟಲೆ ಬಾಯಿ ತೆರೆದುಕೊಂಡೇ ಇರುತ್ತವೆ. ಅವನ್ನು ಮುಚ್ಚಬೇಕೇ ಎಂಬ ಪ್ರಶ್ನೆಗೆ ಊರು ನೋಡಿಯೇ ಉತ್ತರ ಹೇಳಬೇಕು. ಶಾಸನಗಳ ಕೋಗಳಿ ನಾಡು, ಅಂದರೆ ಇಂದಿನ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಸೀಮೆ, ಮಳೆ ಕಡಿಮೆಯ ಬಯಲು. ಬೇಸಿಗೆಯಲ್ಲಿ ಮಸಾರಿ ಹೊಲದ ಕೆಂಧೂಳು, ಆಷಾಢದಲ್ಲಿ ನಿಲ್ಲದ ಗಾಳಿ, ಸುಗ್ಗಿಯಲ್ಲಿ ಮೆಕ್ಕೆಜೋಳ ಒಕ್ಕುವ ಮಷಿನ್ ಎಬ್ಬಿಸುವ ಹೊಟ್ಟು. ಕೂಡ್ಲಿಗಿಯ ಮಗ್ಗುಲಲ್ಲೇ ಸಂಡೂರಿನ ಅದಿರು ಗಣಿಗಳು. ಇಂಥ ಕಡೆ ಮುಚ್ಚುವುದೇ ಲೇಸು. ಆದರೆ ಮುಚ್ಚಬೇಕಾದದ್ದು ಧೂಳಿನ ಕಾರಣಕ್ಕೆ. ಮುಚ್ಚಳ ಹಾಕಿದರೆ ಹಾಡು ಇಂಪಾಗುತ್ತದೆ ಎಂಬ ಮಾತನ್ನು ನಂಬಿ ಅಲ್ಲ.

ಜ್ಯಾಕಿನ ಒಳಗನ್ನು ಟಾರ್ಚ್ ಹಿಡಿದು ನೋಡಿ. ಹೊರಗಿನ ಲೋಹದ ಉಂಗುರ ಗ್ರೌಂಡ್. ನಡುವಿನ ಸಣ್ಣ ತೂತಿನೊಳಗೆ ಕೇಬಲ್ಲಿನ ಪಿನ್ನನ್ನು ಅಮುಕಿ ಹಿಡಿಯುವ ತೆಳ್ಳನೆಯ ತಗಡಿನ ಹಿಡಿತ. ಸದ್ದೆಲ್ಲ ಸಾಗುವುದು ಇವೆರಡು ಮುಟ್ಟುವ ಕಡೆಯಿಂದಲೇ. ಒಣ ಧೂಳು ಸುಮ್ಮನೆ ಕೂತಿದ್ದರೆ ಹೆಚ್ಚು ಕೆಡುಕಿಲ್ಲ. ಮಳೆಗಾಲದ ತೇವ ಸೇರಿದಾಗ ತೊಂದರೆ ಶುರು: ಧೂಳಿನಲ್ಲಿರುವ ಲವಣಾಂಶ ನೀರು ಹೀರಿ ಲೋಹದ ಮೇಲೆ ಪೊರೆ ಕಟ್ಟುತ್ತದೆ. ಎಷ್ಟೋ ದಿನದ ಮೇಲೆ ಪಿನ್ ತುರುಕಿದರೆ ಮರಳಿನ ಕಣ ಉಜ್ಜಿ ಮೇಲಿನ ಲೇಪ ಕಿತ್ತುಬರುತ್ತದೆ. ಆಮೇಲೆ ಕರಕರ ಸದ್ದು, ಒಂದು ಸ್ಪೀಕರ್ ಬಂದ್, ಕೇಬಲ್ ಅಲ್ಲಾಡಿಸಿದರೆ ಮತ್ತೆ ಚಾಲೂ. ಕಿರಿದಾದ ತೂತು ಕಂಡಲ್ಲೆಲ್ಲ ಮಣ್ಣು ಮೆತ್ತಿ ಗೂಡು ಕಟ್ಟುವ ಕಡಜದ ಕಾಟ ಬೇರೆ. 1996ರ ಫೆಬ್ರುವರಿಯಲ್ಲಿ ಡೊಮಿನಿಕನ್ ಗಣರಾಜ್ಯದ ಬಳಿ ಸಮುದ್ರಕ್ಕೆ ಬಿದ್ದ ಬೋಯಿಂಗ್ 757ರ ವೇಗ ಅಳೆಯುವ ಕೊಳವೆಯನ್ನು ಇಂಥದೇ ಹುಳುವಿನ ಗೂಡು ಮುಚ್ಚಿರಬೇಕೆಂಬುದು ತನಿಖೆಯವರ ಬಲವಾದ ಶಂಕೆ. ವಿಮಾನ ನಿಂತಿದ್ದ ದಿನಗಳಲ್ಲಿ ಕೊಳವೆಗೆ ಮುಚ್ಚಳ ಹಾಕಿರಲಿಲ್ಲ. ಆಂಪ್ಲಿಫೈಯರಿಗೆ ಅಷ್ಟು ದೊಡ್ಡ ಗಂಡಾಂತರವೇನಿಲ್ಲ ಬಿಡಿ.

ಇನ್ನು ಸದ್ದಿನ ಮಾತು. ಶಾರ್ಟಿಂಗ್ ಪ್ಲಗ್ ಎಂಬ ಚಿನ್ನದ ಲೇಪದ ಬಿರಡೆಗಳನ್ನು ದುಬಾರಿ ಬೆಲೆಗೆ ಮಾರುತ್ತಾರೆ. ಅವು ಜ್ಯಾಕಿನ ನಡುವನ್ನು ಗ್ರೌಂಡಿಗೆ ಕೂಡಿಸುತ್ತವೆ. ಆಗ ಖಾಲಿ ಜ್ಯಾಕ್ ಸುತ್ತಲಿನ ವಿದ್ಯುತ್ ಗದ್ದಲವನ್ನು ಎಳೆದುಕೊಳ್ಳುವುದಿಲ್ಲ. ತತ್ವ ಸರಿಯೇ. ರೆಕಾರ್ಡ್ ಪ್ಲೇಯರಿಗೆಂದಿರುವ ಫೋನೊ ಜ್ಯಾಕಿನ ಮಟ್ಟಿಗೆ ಅದಕ್ಕೆ ಅರ್ಥವೂ ಇದೆ: ಸೂಜಿಯಿಂದ ಬರುವುದು ಸುಮಾರು 5 ಮಿಲಿವೋಲ್ಟ್, ಅದನ್ನು ಹೆಚ್ಚುಕಡಿಮೆ ನೂರು ಪಟ್ಟು ಹಿಗ್ಗಿಸಬೇಕು, ಜೊತೆಗೆ ಕರೆಂಟಿನ 50 ಹರ್ಟ್ಸ್ ಗುಂಯ್‌ಗುಡುವಿಕೆಯೂ ಹಿಗ್ಗುತ್ತದೆ. ಹಿಂದೆ ಕೆಲವು ಜಪಾನಿ ಕಂಪನಿಗಳು ಫೋನೊ ಜ್ಯಾಕಿಗೆ ಈ ಬಿರಡೆಯನ್ನು ತಾವೇ ಹಾಕಿ ಕಳಿಸುತ್ತಿದ್ದವು. ಆದರೆ ಸಿ.ಡಿ. ಪ್ಲೇಯರ್ ಕೊಡುವುದು 2 ವೋಲ್ಟಿನ ಆಸುಪಾಸು. ಅಂಥ ಜ್ಯಾಕಿನಲ್ಲಿ ಸೇರುವ ಗದ್ದಲ ಲೆಕ್ಕಕ್ಕಿಲ್ಲ. ಸಾಲದ್ದಕ್ಕೆ ನೀವು ಆರಿಸದ ಜ್ಯಾಕನ್ನು ಸೆಲೆಕ್ಟರ್ ಸ್ವಿಚ್ಚೇ ಬೇರ್ಪಡಿಸಿರುತ್ತದೆ. ಮನೆಯಲ್ಲಿ ಗುಂಯ್ ಎನ್ನುತ್ತಿದ್ದರೆ ಮೊದಲು ಅರ್ಥಿಂಗ್ ನೋಡಿಸಿ, ಆಡಿಯೊ ಕೇಬಲ್ಲನ್ನು ಕರೆಂಟ್ ವೈರಿನಿಂದ ದೂರ ಸರಿಸಿ.

ಮುಚ್ಚಳ ಅಷ್ಟು ಅಗತ್ಯವಾಗಿದ್ದರೆ ಕಂಪನಿಯವರೇ ಕೊಡುತ್ತಿದ್ದರಲ್ಲ ಎಂದು ಕೇಳಬಹುದು. ಕೊಡುತ್ತಾರೆ, ತಮಗೆ ಮುಖ್ಯವೆನಿಸಿದ ಕಡೆ. ತೋಷಿಬಾ 1983ರಲ್ಲಿ ತಂದ ಆಪ್ಟಿಕಲ್ ಜ್ಯಾಕಿನಲ್ಲಿ ಬೆಳಕು ಹಾಯಬೇಕು. ಅದಕ್ಕೆ ಪ್ಲಾಸ್ಟಿಕ್ ಬಿರಡೆಯೋ ಪುಟ್ಟ ಬಾಗಿಲೋ ಇದ್ದೇ ಇರುತ್ತದೆ. ಉಳಿದ ಜ್ಯಾಕುಗಳನ್ನು ಅವರು ಧೂಳಿಲ್ಲದ ಕೋಣೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬಿಟ್ಟಿದ್ದಾರೆ. ಗಾಳಿಕಿಂಡಿಯಿಂದ ಧೂಳು ಹೇಗೂ ಒಳಗೆ ಹೋಗುತ್ತದಲ್ಲ ಎನ್ನುವ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಹೋಗುತ್ತದೆ ನಿಜ, ಆದರೆ ಒಳಗಿನ ಬೋರ್ಡಿನಲ್ಲಿ ಬಿಡಿಭಾಗಗಳು ಬೆಸುಗೆಯಿಂದ ಕೂತಿವೆ, ಬ್ರಷ್ಷಿನಿಂದ ಧೂಳು ಕೊಡವಬಹುದು. ಬರಿಯ ಒತ್ತಡದಿಂದ ಲೋಹಕ್ಕೆ ಲೋಹ ತಾಗುವುದು ಜ್ಯಾಕಿನಲ್ಲಿ.

ಹೊರಗಿನ ಉಂಗುರಕ್ಕೆ ತೊಡಿಸುವ ರಬ್ಬರ್ ಟೊಪ್ಪಿಗೆ ಸಾಕು, ಅಗ್ಗವೂ ಹೌದು. ಹತ್ತಿ, ಕಾಗದದ ಸುರುಳಿ ತುರುಕಬೇಡಿ, ತೇವ ಹಿಡಿದಿಡುತ್ತವೆ. ಟೇಪ್ ಅಂಟಿಸಿದರೆ ಬೇಸಿಗೆಯಲ್ಲಿ ಗೋಂದು ಕರಗಿ ಲೋಹಕ್ಕೆ ಹತ್ತುತ್ತದೆ. ಮೈಕ್ ಜ್ಯಾಕಿನ ವಿಷಯದಲ್ಲಂತೂ ಹುಷಾರು. ಎಷ್ಟೋ ಮೈಕ್ ಜ್ಯಾಕುಗಳಲ್ಲಿ ಪಿನ್ ಇಲ್ಲದಾಗ ಒಳಗಿನ ಸ್ಪ್ರಿಂಗ್ ತಗಡು ತಾನೇ ಗ್ರೌಂಡಿಗೆ ತಾಗಿ ಗದ್ದಲ ತಡೆದಿರುತ್ತದೆ. ಧೂಳು ತಡೆಯಲೆಂದು ಪ್ಲಾಸ್ಟಿಕ್ ಪಿನ್ ತೂರಿಸಿದರೆ ಆ ತಗಡು ಸರಿದು, ಇಲ್ಲದ ಸದ್ದು ಹುಟ್ಟುತ್ತದೆ. ಗಾಳಿಕಿಂಡಿ ಮುಚ್ಚುವಂತೆ ಬಟ್ಟೆ ಹೊದಿಸಬೇಡಿ. ಶಾರ್ಟಿಂಗ್ ಪ್ಲಗ್ ಕೊಂಡೇ ತೀರುವಿರಾದರೆ ಸಿಕ್ಕಿಸುವ ಮುನ್ನ ಜ್ಯಾಕಿನ ಮೇಲಿನ ಬರಹ ಎರಡು ಸಲ ಓದಿ: ಇನ್‌ಪುಟ್ ಎಂದಿದ್ದರೆ ಮಾತ್ರ ಹಾಕಬೇಕು, ಔಟ್‌ಪುಟ್ಟಿಗೆ ಹಾಕಿದರೆ ಸರ್ಕ್ಯೂಟೇ ಸುಟ್ಟುಹೋಗಬಹುದು.