ಕೋಳಿ ಬೇಲಿ ಸಂದಿಯಲ್ಲಿ ಮೊಟ್ಟೆ ಇಡ್ತಿದೆಯಾ? ಗೂಡಿಗೆ ಕರೆತರೋದು ಹೀಗೆ

ನಾಟಿ ಕೋಳಿ ಬಿಟ್ಟು ಸಾಕೋರಿಗೆ ಬೆಳಗಾದರೆ ಮೊಟ್ಟೆ ಹುಡುಕೋದೇ ಕೆಲಸ. ಬಣವೆ ಸಂದಿ, ಕಟ್ಟಿಗೆ ರಾಶಿ, ಬೇಲಿ ಬುಡ ತಡಕಿದರೂ ಸಿಗಲ್ಲ. ವಾರ ಕಳೆದ ಮೇಲೆ ಒಂದೇ ಕಡೆ ಆರೇಳು ಸಿಗುತ್ತವೆ. ಯಾವುದು ಇವತ್ತಿನದು, ಯಾವುದು ಹೋದ ವಾರದ್ದು, ಯಾರಿಗೆ ಗೊತ್ತು? ಹಿತ್ತಲಲ್ಲಿ ಹುಂಜ ಇದ್ದರೆ, ಕಾವು ಸಿಕ್ಕ ಮೊಟ್ಟೆಯೊಳಗೆ ಮರಿ ಬೆಳೆಯೋಕೆ ಶುರುವಾಗಿರಲೂಬಹುದು. ಅಂಥದ್ದು ಗಿರಾಕಿ ಮನೆಯಲ್ಲಿ ಒಡೆದರೆ ಮಾತು ಕೇಳೋದು ಅಂಗಡಿಯವರು. ಫಾರಂ ಮೊಟ್ಟೆಗಿಂತ ಜಾಸ್ತಿ ದುಡ್ಡು ಕೊಟ್ಟವರು ಸುಮ್ಮನಿರ್ತಾರಾ?

ಕೋಳಿ ಹಟಕ್ಕೆ ಹೀಗೆ ಮಾಡಲ್ಲ. ಅದಕ್ಕೆ ಬೇಕಿರೋದು ಮಬ್ಬುಗತ್ತಲೆ, ಮರೆ, ಮೆತ್ತಗಿನ ಜಾಗ. ನಮ್ಮ ಗೂಡು ಬೇಲಿಗಿಂತ ಚೆನ್ನಾಗಿರಬೇಕು, ಅಷ್ಟೇ.

ಉದ್ದ, ಅಗಲ, ಎತ್ತರ ಒಂದೊಂದು ಅಡಿ ಇರೋ ಪೆಟ್ಟಿಗೆ ನಾಟಿ ಕೋಳಿಗೆ ಸಾಕು. ಗಿರಿರಾಜದಂಥ ದಪ್ಪ ಕೋಳಿಗೆ ಇನ್ನೆರಡು ಇಂಚು ಬೇಕು. 4-5 ಕೋಳಿಗೆ ಒಂದು ಗೂಡು ಲೆಕ್ಕ. ಮಾಡಿಸೋ ಖರ್ಚೂ ಬೇಡ: ಟೊಮೆಟೊ ಕ್ರೇಟ್ ಮಗ್ಗುಲಿಗೆ ಮಲಗಿಸಿ, ಮೇಲೆ ಗೋಣಿಚೀಲ ಹೊದಿಸಿ, ಒಳಗೆ ಒಣ ಹುಲ್ಲು ಹಾಸಿ. ಹುಲ್ಲು ಚೆಲ್ಲದಂತೆ ಬಾಯಿಗೆ 4 ಇಂಚಿನ ಪಟ್ಟಿ ಅಡ್ಡ ಕಟ್ಟಿ. ಎಣ್ಣೆ ಡಬ್ಬ ಕತ್ತರಿಸಿ ಇಡೋರೂ ಇದ್ದಾರೆ. ಅದರ ಅಂಚು ಕಾಲು ಕುಯ್ಯುತ್ತೆ, ಬಿಸಿಲಿಗೆ ಕಾದು ಬಾಣಲೆಯಾಗುತ್ತೆ, ಬೇಡ.

ಹೆಚ್ಚಿನವರು ತಪ್ಪೋದು ಎತ್ತರದಲ್ಲಿ. ಗೂಡು ನೆಲದಿಂದ ಒಂದೂವರೆ ಅಡಿ ಮೇಲಿರಲಿ, ರಾತ್ರಿ ಕೂರೋ ಗಳ ಅದಕ್ಕಿಂತಲೂ ಮೇಲಿರಲಿ. ಕೋಳಿ ಮಲಗೋಕೆ ಎತ್ತರದ ಜಾಗವನ್ನೇ ಹುಡುಕುತ್ತೆ. ಗೂಡೇ ಎತ್ತರವಾದರೆ ಅದರಲ್ಲೇ ಮಲಗಿ, ಹಿಕ್ಕೆ ಹಾಕಿ, ಬೆಳಗ್ಗೆ ಇಟ್ಟ ಮೊಟ್ಟೆಯೂ ಹೊಲಸಾಗುತ್ತೆ.

ಇನ್ನು ರೂಢಿ ಮಾಡಿಸೋದು. ಗೂಡಲ್ಲಿ ಪೆನ್ಸಿಲಿನಿಂದ ಗುರುತು ಹಾಕಿದ ಒಂದು ಮೊಟ್ಟೆ ಬಿಡಿ, ಮೊಟ್ಟೆ ಕಂಡ ಕಡೆಯೇ ಕೋಳಿ ಮೊಟ್ಟೆ ಇಡೋದು. ಆ ಗುರುತಿನ ಮೊಟ್ಟೆಯನ್ನು ಆಗಾಗ ಬದಲಾಯಿಸಿ. ಬಹುಪಾಲು ಮೊಟ್ಟೆ ಬೀಳೋದು ಮಧ್ಯಾಹ್ನದೊಳಗೆ. ಹಾಗಾಗಿ ಒಂದು ವಾರ, ಹತ್ತು ದಿನ ಕೋಳಿಗಳನ್ನು ಒಳಗೇ ಇಟ್ಟು, ಮೇವು ನೀರು ಕೊಟ್ಟು, ಮಧ್ಯಾಹ್ನದ ಹೊತ್ತಿಗೆ ಹೊರಗೆ ಬಿಡಿ. ಬೇಲಿಯ ಹಳೇ ಜಾಗಕ್ಕೆ ಕಲ್ಲು, ಮುಳ್ಳು ತುಂಬಿ. ಮೊದಲ ಸಲ ಮೊಟ್ಟೆ ಇಡೋ ಹ್ಯಾಟೆಗಳಾದರೆ ಸುಲಭ. ಎರಡು ವಾರ ಮೊದಲೇ ಗೂಡು ಇಟ್ಟುಬಿಟ್ಟರೆ ತಾವೇ ನೋಡಿಕೊಂಡಿರುತ್ತವೆ.

ನಾಟಿ ಕೋಳಿ ಹತ್ತು ಹದಿನೈದು ಮೊಟ್ಟೆ ಆದ ಮೇಲೆ ಕಾವಿಗೆ ಕೂತು ಗೂಡು ಬಿಡಲ್ಲ. ಅದಕ್ಕೆ ಬೇರೆ ಮಂಕರಿ ಕೊಡಿ, ಇಲ್ಲದಿದ್ದರೆ ಉಳಿದವು ಮತ್ತೆ ಬೇಲಿ ಕಡೆಗೆ ಹೋಗುತ್ತವೆ.

ದಿನಕ್ಕೆ ಎರಡು ಸಲ ಮೊಟ್ಟೆ ತೆಗೀರಿ. ಅಂಗಡಿಗೆ ಕೊಡೋದನ್ನ ತೊಳೀಬೇಡಿ. ಚಿಪ್ಪಿನ ಮೇಲಿನ ತೆಳು ಪೊರೆ ಹೋದರೆ ಬೇಗ ಕೆಡುತ್ತೆ. ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು. ಕೊಳ್ಳೋ ಅಂಗಡಿಯವರಿಗೆ ಅನುಮಾನ ಬಂದರೆ, ಕತ್ತಲಲ್ಲಿ ಮೊಟ್ಟೆಯ ದಪ್ಪ ತುದಿಗೆ ಮೊಬೈಲ್ ಟಾರ್ಚ್ ಒತ್ತಿ ನೋಡಲಿ. ಒಳಗೆ ಕೆಂಪು ನರ ಕಂಡರೆ ಅದು ಕಾವು ಕೂತ ಮೊಟ್ಟೆ, ವಾಪಸ್ ಕೊಡಿ.