ನೆಗ್ಗಿಲು ಯಾವುದು, ಆನೆ ನೆಗ್ಗಿಲು ಯಾವುದು?

ನಮ್ಮ ಸದಸ್ಯ ಬಾಂಧವರಲ್ಲಿ ಹಲವರು ಅಡಿಕೆ ತೋಟಕ್ಕೆ ಬಯಲುಸೀಮೆಯ ಕುರಿಗೊಬ್ಬರ ತರಿಸುತ್ತಾರೆ. ಗೊಬ್ಬರದ ಜೊತೆ ಮುಳ್ಳುಕಾಯಿಯೂ ಬರುವುದುಂಟು. ಅಂಗಳದಲ್ಲಿ ಬರಿಗಾಲಲ್ಲಿ ಅಡಿಕೆ ಹರಡುವವರಿಗೆ ಅದರ ಪರಿಚಯ ಮೊದಲು ಆಗುತ್ತದೆ. ಆ ಮುಳ್ಳಿನ ಗಿಡ ನೆಗ್ಗಿಲು.

ಬಳ್ಳಾರಿ ನಗರದ ಖಾಲಿ ನಿವೇಶನ, ಕುರುಗೋಡಿನ ಗುಡ್ಡದಡಿಯ ಗರಸು ನೆಲ, ಸಿರುಗುಪ್ಪ ಸೀಮೆಯ ಹಗರಿ ಹೊಳೆಯ ಮರಳು ದಂಡೆ, ಇಂಥವೇ ಅದಕ್ಕೆ ಹಿತ. ವೇದಾವತಿಯನ್ನು ಅಲ್ಲಿ ಹಗರಿ ಎಂದೇ ಕರೆಯುತ್ತಾರೆ. ಎರಡು ಮಳೆ ಬಿದ್ದರೆ ಸಾಕು, ಗಿಡ ನೆಲಕ್ಕೆ ಅಂಟಿಕೊಂಡು ಹಬ್ಬಿ ಹಳದಿ ಹೂ ಬಿಡುತ್ತದೆ.

ತೊಡಕಿರುವುದು ಇಲ್ಲಿ. ಅಂಥದೇ ನೆಲದಲ್ಲಿ ಆನೆ ನೆಗ್ಗಿಲೂ ಬೆಳೆಯುತ್ತದೆ. ಅದರದೂ ಹಳದಿ ಹೂವೇ, ಮುಳ್ಳುಕಾಯಿಯೇ. ದಶಮೂಲದ ಹತ್ತರಲ್ಲಿ ಒಂದಾದ ಗೋಕ್ಷುರ ನೆಗ್ಗಿಲು. ಆದರೆ ಗ್ರಂಧಿಗೆ ಅಂಗಡಿಯಲ್ಲಿ ಒಂದರ ಬದಲು ಇನ್ನೊಂದು ಕೈಗೆ ಬರಬಹುದು. ದುಡ್ಡು ಕೊಡುವ ಮೊದಲು ಕಾಯಿ ನೋಡಬೇಕು.

ಬಣ್ಣವನ್ನು ನಂಬಿ ಪ್ರಯೋಜನವಿಲ್ಲ, ಎಲೆ ನೋಡಿ. ನೆಗ್ಗಿಲಿನದು ಹುಣಸೆ ಎಲೆಯಂತೆ ಸಣ್ಣ ಸಣ್ಣ ಜೋಡಿ ಎಲೆ. ಒಂದೇ ಗೆಣ್ಣಿನ ಎರಡು ಎಲೆಗಳಲ್ಲಿ ಒಂದು ದೊಡ್ಡದು, ಇನ್ನೊಂದು ಚಿಕ್ಕದು. ಹೂವಿಗೆ ಬಿಡಿಬಿಡಿಯಾದ ಐದು ದಳ. ಕಾಯಿ ಬಲಿತರೆ ಐದು ಹೋಳಾಗುತ್ತದೆ. ಒಂದೊಂದು ಹೋಳಿಗೂ ಹೋರಿಯ ಕೊಂಬಿನಂತೆ ಎರಡು ದೊಡ್ಡ ಮುಳ್ಳು. ಹೇಗೆ ಬಿದ್ದರೂ ಒಂದು ಮುಳ್ಳು ಮೇಲೆ ನಿಲ್ಲುತ್ತದೆ. ಕುರಿಯ ಗೊರಸು, ಚಪ್ಪಲಿ, ಲಾರಿಯ ಟೈರು, ಎಲ್ಲಕ್ಕೂ ಚುಚ್ಚಿಕೊಂಡು ಊರೂರು ಸುತ್ತುವುದು ಹೀಗೆ.

ಆನೆ ನೆಗ್ಗಿಲಿನ ದಂಟು ರಸಭರಿತ. ಎಲೆ ಒಂಟಿ, ಅಂಚು ಅಲೆ ಅಲೆ. ಹೂ ತುತ್ತೂರಿಯಂತೆ ಕೂಡಿಕೊಂಡಿದೆ. ಕಾಯಿ ನಾಲ್ಕು ಮೂಲೆಯದು, ಮೂಲೆಗೊಂದು ಮುಳ್ಳು, ಹೋಳಾಗುವುದಿಲ್ಲ. ಇನ್ನೂ ಅನುಮಾನವಿದ್ದರೆ ಹಸಿ ಟೊಂಗೆಯೊಂದನ್ನು ಚೊಂಬು ನೀರಿನಲ್ಲಿ ತಿರುವಿ. ನೀರು ಲೋಳೆಯಾದರೆ ಅದು ಆನೆ ನೆಗ್ಗಿಲು. ಮಕ್ಕಳಿಗೆ ತೋರಿಸಲು ಒಳ್ಳೆಯ ಆಟ.

ಕುರಿ ಸಾಕಿರುವವರಿಗೆ ಒಂದು ಮಾತು. ನೆಗ್ಗಿಲನ್ನು ಹೊಟ್ಟೆ ತುಂಬ ಮೇದ ಕುರಿಗೆ ಬಿಸಿಲಿನಲ್ಲಿ ಕಿವಿ, ರೆಪ್ಪೆ, ಮುಖ ಊದಿ ಕಾಮಾಲೆಯಾಗುವುದುಂಟು. ದಕ್ಷಿಣ ಆಫ್ರಿಕಾದಲ್ಲಿ ಈ ರೋಗಕ್ಕೆ ‘ಹಳದಿ ದಪ್ಪತಲೆ’ ಎಂಬರ್ಥದ ಹೆಸರೇ ಇದೆ. ಕೂಡಲೇ ನೆರಳಿಗೆ ಹೊಡೆದು ಪಶುವೈದ್ಯರನ್ನು ಕರೆಸಬೇಕು.

ದಟ್ಟ ನೆರಳಿನ ತೋಟದೊಳಗೆ ನೆಗ್ಗಿಲಿನ ಭಯ ಕಡಿಮೆ; ಅದಕ್ಕೆ ಬಿಸಿಲು ಬೇಕು. ಅಂಗಳದಂಚು, ಗೊಬ್ಬರ ಇಳಿಸಿದ ಜಾಗ, ರಸ್ತೆಬದಿ ನೋಡಿಕೊಳ್ಳಿ. ಹೂ ಕಂಡ ದಿನವೇ ಬೇರುಸಹಿತ ಕೀಳಿ. ಕಾಯಿ ಬಲಿತ ಮೇಲೆ ಕಿತ್ತರೆ ಕೈಗೂ ಚುಚ್ಚುತ್ತದೆ, ಬೀಜವೂ ಅಲ್ಲೇ ಉದುರುತ್ತದೆ.