ಹುಟ್ಟಿದ ಊರು, ಹುಟ್ಟಿದ ದಿನ

ಕವಿಯೊಬ್ಬನ ಕಾಲ, ದೇಶ, ಮಾತಾಪಿತೃಗಳನ್ನು ಗೊತ್ತುಮಾಡುವುದು ಕನ್ನಡ ಪಂಡಿತರ ಹಳೆಯ ವ್ಯಸನ. ಆರ್. ನರಸಿಂಹಾಚಾರ್ಯರು ಮೂರು ಸಂಪುಟಗಳ 'ಕರ್ಣಾಟಕ ಕವಿಚರಿತೆ'ಯಲ್ಲಿ ಹಾಕಿಕೊಟ್ಟ ದಾರಿಯನ್ನು ತರಗತಿಯಲ್ಲಿ ವಿವರಿಸುತ್ತಲೇ ನನ್ನ ಹಲವು ವರ್ಷಗಳು ಕಳೆದಿವೆ. ಅಂತರಂಗ ಪ್ರಮಾಣ, ಬಹಿರಂಗ ಪ್ರಮಾಣ, ಶಾಸನದ ಸಾಕ್ಷ್ಯ ಎಂದು ಹೇಳುವಾಗ ಹಿಂದಿನ ಬೆಂಚಿನ ಹುಡುಗರು ಆಕಳಿಸುವುದನ್ನೂ ಕಂಡಿದ್ದೇನೆ. ಇದೇ ವಿದ್ಯೆಯನ್ನು ಇಂಡಿ ತಾಲ್ಲೂಕಿನ ಒಬ್ಬ ವೃದ್ಧ ತಾಯಿಯ ಮೇಲೆ ಪ್ರಯೋಗಿಸಬೇಕಾದೀತೆಂದು ಮಾತ್ರ ನಾನು ಎಣಿಸಿರಲಿಲ್ಲ.

ಆಕೆ ನನ್ನ ಬಾಲ್ಯಸ್ನೇಹಿತನ ತಾಯಿ. ಸ್ನೇಹಿತನು ಅಮೆರಿಕದಲ್ಲಿ ನೆಲೆಸಿ ಅಲ್ಲಿಯ ಪ್ರಜೆಯಾಗಿದ್ದಾನೆ. ತಂದೆ ತೀರಿಕೊಂಡ ಮೇಲೆ ತಾಯಿಯನ್ನು ಕಾಯಂ ಆಗಿ ಕರೆಯಿಸಿಕೊಳ್ಳಲು ಅರ್ಜಿ ಹಾಕಿದ. ಅರ್ಜಿ ಮಂಜೂರಾಯಿತು, ಮುಂಬಯಿಯ ಅಮೆರಿಕನ್ ದೂತಾವಾಸದಲ್ಲಿ ಸಂದರ್ಶನಕ್ಕೆ ಸಿದ್ಧರಾಗಬೇಕೆಂಬ ಸೂಚನೆಯೂ ಬಂದಿತು. "ಕಾಗದಪತ್ರ ನೀನೇ ನೋಡಬೇಕಪ್ಪಾ" ಎಂದು ಅವನು ದೂರವಾಣಿಯಲ್ಲಿ ಹೇಳಿದಾಗ, ನಾಲ್ಕು ದಿನದ ಕೆಲಸವೆಂದು ಒಪ್ಪಿಕೊಂಡೆ. ಅದು ಏಳು ತಿಂಗಳು ಹಿಡಿಯಿತು.

ವಾಚಕರಲ್ಲಿ ಅನೇಕರು ಪ್ರವಾಸಿ ವೀಸಾವನ್ನು ಬಲ್ಲರು. ಅಲ್ಲಿ, ನಾನು ತಿರುಗಿ ಬರುವವನೇ ಎಂದು ಅಧಿಕಾರಿಯನ್ನು ನಂಬಿಸಬೇಕು. ಹೊಲದ ಉತಾರ, ಬ್ಯಾಂಕಿನ ಪುಸ್ತಕ ತೋರಿಸಬೇಕು. ವಲಸಿಗರ ವೀಸಾ ಇದಕ್ಕೆ ತೀರ ವಿರುದ್ಧ. ಅಲ್ಲಿಗೆ ಇರಲೆಂದೇ ಹೋಗುವುದು. ಆದುದರಿಂದ ನೀವು ಯಾರು, ಯಾರ ಮಗಳು, ಯಾರ ತಾಯಿ, ಎಲ್ಲಿ ಹುಟ್ಟಿದಿರಿ ಎಂಬುದೇ ಮುಖ್ಯ ಪ್ರಶ್ನೆ. ಮಗನು ತಾಯಿಯನ್ನು ಸಾಕಬಲ್ಲನೆಂಬುದಕ್ಕೆ ಅಲ್ಲಿಯ ಸರಕಾರ ಗೊತ್ತುಪಡಿಸಿದ ಬಡತನದ ರೇಖೆಯ ಶೇಕಡಾ 125ರಷ್ಟಾದರೂ ಆದಾಯ ತೋರಿಸಿ ಜವಾಬ್ದಾರಿಪತ್ರ ಬರೆದುಕೊಡಬೇಕು. ಅದು ಅವನ ಪಾಲಿನದು. ಪೋಲೀಸರ ಪ್ರಮಾಣಪತ್ರ, ಮುಂಬಯಿಯಲ್ಲಿ ಗೊತ್ತುಮಾಡಿದ ವೈದ್ಯರ ಬಳಿ ತಪಾಸಣೆ, ಚುಚ್ಚುಮದ್ದು, ಇವೆಲ್ಲ ಹೇಗೋ ಸಾಗುತ್ತವೆ. ತೊಡಕು ಇರುವುದು ಜನ್ಮಪತ್ರದಲ್ಲಿ.

ಜನನ ಮರಣಗಳ ನೋಂದಣಿಯ ಕಾಯಿದೆ ಆದದ್ದು 1969ರಲ್ಲಿ. ಜಾರಿಗೆ ಬಂದದ್ದು 1970ರ ಏಪ್ರಿಲ್ 1ರಂದು. ಅದಕ್ಕೂ ಮೊದಲು ನಮ್ಮ ಹಳ್ಳಿಗಳಲ್ಲಿ ಹುಟ್ಟಿದವರ ಲೆಕ್ಕವನ್ನು ಬರೆದವರಿಗಿಂತ ನೆನಪಿಟ್ಟವರೇ ಹೆಚ್ಚು. ಶಾಲೆಗೆ ಸೇರಿಸುವ ದಿನ ಮಾಸ್ತರರು ಹುಡುಗನ ಎತ್ತರ ನೋಡಿ ಒಂದು ಇಸವಿ ಹಾಕುತ್ತಿದ್ದರು. ದಿನವಂತೂ ಜೂನ್ 1 ಎಂದೇ ನಿಶ್ಚಯ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಯಾವ ಹಳೆಯ ಶಾಲೆಯ ದಾಖಲೆಯನ್ನು ತೆರೆದರೂ ಅರ್ಧ ಊರು ಆ ಒಂದೇ ದಿನ ಹುಟ್ಟಿದಂತೆ ಕಾಣುತ್ತದೆ. ಈ ತಾಯಿಯದೂ ಹಾಗೆಯೇ: 1-6-1956.

ಅವರ ತವರು ಬಾಗೇವಾಡಿ ತಾಲ್ಲೂಕಿನಲ್ಲಿ, ಕೊಲ್ಹಾರದ ಕಡೆ, ಕೃಷ್ಣೆಯ ದಂಡೆಯ ಮೇಲೆ. ಇತ್ತು ಎನ್ನಬೇಕು. ಆಲಮಟ್ಟಿಯ ಅಣೆಕಟ್ಟಿಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟರು. ಅಣೆ ಮೇಲೇರಿದಂತೆ ದಂಡೆಯ ಹಳ್ಳಿಗಳು ಒಂದೊಂದಾಗಿ ನೀರಿಗಿಳಿದವು. ಅವರು ಹುಟ್ಟಿದ ಮನೆ, ಓದಿದ ಶಾಲೆ ಎರಡೂ ಈಗ ಹಿನ್ನೀರಿನ ತಳದಲ್ಲಿವೆ. ಅದೃಷ್ಟಕ್ಕೆ ಶಾಲೆಯ ದಫ್ತರ ಮಾತ್ರ ಪುನರ್ವಸತಿ ಕೇಂದ್ರಕ್ಕೆ ಎತ್ತಿನ ಗಾಡಿಯಲ್ಲಿ ಬಂದಿತ್ತಂತೆ. ಗೆದ್ದಲು ತಿಂದ ಅಂಚಿನ ಆ ಪುಟದಲ್ಲಿ ಅವರ ಹೆಸರು ಕಂಡಾಗ, ಹೊಸ ಶಾಸನವೊಂದು ಸಿಕ್ಕಷ್ಟು ಹಿಗ್ಗಿದೆ.

ಹಿಗ್ಗು ಕ್ಷಣಕಾಲದ್ದು. ಅಲ್ಲಿ ಅವರ ಹೆಸರು 'ಬಾಯಿ' ಎಂದು ಮುಗಿದಿತ್ತು. ಪಾಸ್‌ಪೋರ್ಟಿನಲ್ಲಿ 'ಅವ್ವ' ಎಂದಿದೆ. 1980ರಲ್ಲಿ ಮಗ ಹುಟ್ಟಿದಾಗ ಬರೆಸಿದ ಪತ್ರದಲ್ಲಿ ತಾಯಿಯ ಹೆಸರು ಮೂರನೆಯ ಬಗೆಯಲ್ಲಿದೆ. ಬರೆದುಕೊಂಡ ಗುಮಾಸ್ತರು ಒಂದು ಅಕ್ಷರವನ್ನೇ ನುಂಗಿದ್ದರು. ನಮ್ಮಲ್ಲಿ ಗುರವ್ವ, ಗುರುಬಾಯಿ ಬೇರೆ ಬೇರೆಯವರೆಂದು ಯಾರೂ ತಿಳಿಯರು. ಆದರೆ ಕಡಲಾಚೆಯ ಅಧಿಕಾರಿಗೆ ಅದು ಹೇಗೆ ತಿಳಿಯಬೇಕು? ಈ ತಾಯಿಯೇ ಆ ಮಗನನ್ನು ಹೆತ್ತವಳೆಂದು ಹೇಳುವ ಪತ್ರ ಅದೊಂದೇ. ತಿದ್ದುಪಡಿಗಾಗಿ ಅಲೆದ ಕಚೇರಿಗಳ ಮೆಟ್ಟಿಲುಗಳನ್ನು ನಾನಿಲ್ಲಿ ಎಣಿಸುವುದಿಲ್ಲ.

ಊರಿನ ಹೆಸರಿನ ಕತೆಯೂ ಅಷ್ಟೇ. ಆಕೆ ಹುಟ್ಟಿದ್ದು ಮುಂಬಯಿ ರಾಜ್ಯದ ಬಿಜಾಪುರ ಜಿಲ್ಲೆಯಲ್ಲಿ. ಓದಿದ್ದು ಮೈಸೂರು ರಾಜ್ಯದಲ್ಲಿ. 1974ರಲ್ಲಿ ಮದುವೆಯಾದದ್ದು ಕರ್ನಾಟಕದಲ್ಲಿ. 2014ರ ರಾಜ್ಯೋತ್ಸವದಂದು ಜಿಲ್ಲೆ ವಿಜಯಪುರವಾದ ಮೇಲೆ ವಿಧವೆಯಾದರು. ಈ ನಡುವೆ ಕೊಲ್ಹಾರವೇ ಪ್ರತ್ಯೇಕ ತಾಲ್ಲೂಕಾಯಿತು. ತವರಿನಿಂದ ಗಂಡನ ಮನೆಗೆ ಒಮ್ಮೆ ಗಾಡಿ ಹತ್ತಿದ್ದು ಬಿಟ್ಟರೆ ಆಕೆ ಎಲ್ಲಿಗೂ ಹೋದವರಲ್ಲ.

ಜನ್ಮಪತ್ರ ಇಲ್ಲದವರು 'ದಾಖಲೆ ಲಭ್ಯವಿಲ್ಲ' ಎಂಬ ಪತ್ರವನ್ನು ತಂದು, ಹುಟ್ಟನ್ನು ಬಲ್ಲ ಹಿರಿಯ ಬಂಧುಗಳ ಪ್ರಮಾಣಪತ್ರವನ್ನೂ ಶಾಲೆಯ ದಾಖಲೆಯನ್ನೂ ಅದಕ್ಕೆ ಜೋಡಿಸಬಹುದು. ಉಳಿದಿದ್ದ ಬಂಧು ಒಬ್ಬರೇ, ಮುದ್ದೇಬಿಹಾಳದ ಬಳಿ ನೆಲೆಸಿರುವ ಹಿರಿಯಣ್ಣ. ಅವರನ್ನು ಕೇಳಿದೆ. "ತಾರೀಖು ಯಾರಿಗೆ ಗೊತ್ತದರೀ? ಕನ್ನಡ ನಾಡು ಒಂದಾತಂತ ಊರಾಗ ಮೆರವಣಿಗಿ ತೆಗದಾಗ ತಂಗಿ ತೊಟ್ಟಿಲದಾಗ ಇದ್ಳು. ನಾನು ತೊಟ್ಟಿಲ ತೂಗೂದು ಬಿಟ್ಟು ಮೆರವಣಿಗಿ ನೋಡಾಕ ಓಡಿ, ಅವ್ವನ ಕಡಿಂದ ಏಟು ತಿಂದೀನಿ." ಏಕೀಕರಣ 1956ರ ನವೆಂಬರ್ 1ರಂದು. ಮಾಸ್ತರರ ಇಸವಿಗೆ ಇದಕ್ಕಿಂತ ದೃಢವಾದ ಬಹಿರಂಗ ಪ್ರಮಾಣ ಬೇಕೆ? ನೋಟರಿಯವರು ದಿನಾಂಕವನ್ನೇ ನೇರವಾಗಿ ಬರೆಯೋಣವೆಂದರು, ನಾನು ಒಪ್ಪಲಿಲ್ಲ. ನಿಖರವಾದ ದಿನ ಮನೆಯವರಿಗೆ ತಿಳಿಯದೆಂದೂ, ಶಾಲೆಯಲ್ಲಿ ಬರೆದ ದಿನವನ್ನೇ ಅಂದಿನಿಂದ ಬಳಸಲಾಗಿದೆಯೆಂದೂ ಬರೆಯಿಸಿದೆವು. ಮುದುಕರು ಹೆಬ್ಬೆಟ್ಟು ಒತ್ತದೆ, ಹತ್ತು ನಿಮಿಷ ಹಿಡಿದು ಸಹಿಯನ್ನೇ ಮಾಡಿದರು.

ಕಾಗದ ಸಿದ್ಧವಾದ ಮೇಲೆ ಮಾತಿನ ತಾಲೀಮು. ಇಂಡಿಯ ಅವರ ಮನೆಯ ಪಡಸಾಲೆಯಲ್ಲಿ, ನಿಂಬೆಹಣ್ಣಿನ ರಾಶಿಯ ಪಕ್ಕದಲ್ಲಿ, ನಾನು ಅಧಿಕಾರಿಯಾಗಿ ಕುಳಿತೆ. ಬಲಗೈಯೆತ್ತಿ ನಿಜವನ್ನೇ ಹೇಳುವೆನೆಂದು ಪ್ರಮಾಣ ಮಾಡಬೇಕೆಂದಾಗ ಆಕೆ ನಕ್ಕರು. "ಸುಳ್ಳ ಹೇಳವರಿಗೆ ಕೈ ಎತ್ತಾಕ ಬರೂದಿಲ್ಲೇನು ತಮ್ಮಾ?" ಮಗನ ಕೆಲಸ, ಸೊಸೆಯ ಹೆಸರು, ಗಂಡ ತೀರಿದ ವರ್ಷ, ಎಲ್ಲಕ್ಕೂ ಥಟ್ಟನೆ ಉತ್ತರ ಬಂದಿತು.

"ಅಲ್ಲಿ ಎಷ್ಟು ದಿನ ಇರ್ತೀರಿ, ಅವ್ವಾರ?"

"ಎಳ್ಳಮಾಸಿಗೆ ಬಂದು ಚರಗ ಚೆಲ್ಲಿ ಹೋಗ್ತೀನಿ."

ನಾನು ಲೇಖನಿ ಕೆಳಗಿಟ್ಟೆ. ಕಾಯಂ ವಾಸಕ್ಕೆ ಹೋದವರು ಬಂದುಹೋಗುವುದಕ್ಕೆ ಅಡ್ಡಿಯಿಲ್ಲ. ಆದರೆ ಅಲ್ಲಿಯೇ ಮನೆ ಎಂಬುದು ನಿಜವಾಗಿರಬೇಕು, ಮುಂಗಡ ಅನುಮತಿಯಿಲ್ಲದೆ ಒಂದು ವರ್ಷ ಹೊರಗುಳಿದರೆ ಆ ಹಕ್ಕಿಗೇ ಸಂಚಕಾರ ಬರಬಹುದು ಎಂದು ವಿವರಿಸಿದೆ. ಆಕೆ ಬಹಳ ಹೊತ್ತು ಸುಮ್ಮನಿದ್ದರು. ಅನಂತರ ಕೇಳಿದ್ದು ಮಗಳ ವಿಷಯ. ಮಗಳನ್ನು ಸಿಂದಗಿಗೆ ಕೊಟ್ಟಿದೆ. "ಆಕಿನ್ನೂ ಕರಕೊಂಡ ಹೋಗಾಕ ಬರತದೇನು?" ಪ್ರಜೆಯ ತಂದೆತಾಯಿಗಳಿಗೆ ಸಂಖ್ಯೆಯ ಮಿತಿಯಿಲ್ಲ, ಸರದಿಯೂ ಇಲ್ಲ, ಆದರೆ ಅವರ ಜೊತೆಗೆ ಬೇರೆ ಮಕ್ಕಳು ಹೋಗುವಂತಿಲ್ಲ. ಅಣ್ಣನು ತಂಗಿಗಾಗಿ ಬೇರೆ ಅರ್ಜಿ ಹಾಕಬಹುದು, ಭಾರತೀಯರ ಆ ಸರದಿ ಒಂದೂವರೆ ದಶಕಕ್ಕೂ ಮಿಕ್ಕಿದ್ದು. 1946ರ ಕಾನೂನಿನಲ್ಲಿ ಇಡೀ ಭಾರತಕ್ಕೆ ವರ್ಷಕ್ಕೆ 100 ಜನರೆಂದಿತ್ತು. 1965ರ ಕಾನೂನು ಕುಟುಂಬ ಒಂದಾಗಬೇಕೆಂದು ಬಾಗಿಲನ್ನು ಅಗಲಿಸಿತು ಎಂದು ಪುಸ್ತಕದಲ್ಲಿ ಓದುತ್ತೇವೆ. ಸಿಂದಗಿಯ ಮಗಳನ್ನು ಬಿಟ್ಟು ಒಂದಾಗುವ ಕುಟುಂಬ ಯಾವುದೆಂದು ಆ ಪಡಸಾಲೆಯಲ್ಲಿ ನಾನು ಹೇಳಲಾರದಾದೆ.

ಇನ್ನೆರಡು ದಿನ ಬಿಟ್ಟು ಆಕೆಯೇ ಕರೆ ಕಳಿಸಿದರು. "ಹೋಗ್ತೀನಿ. ಇರಾಕ ಹೋಗ್ತೀನಂತ ಹೇಳ್ತೀನಿ. ಅವ ಒಬ್ಬನ ಅದಾನ ಅಲ್ಲಿ. ಇಕಿಗೆ ಅತ್ತಿಮನಿ ಅದ, ಊರದ."

ಇಂಡಿ ರೋಡಿನಲ್ಲಿ ರೈಲು ಹತ್ತಿ, ಸೊಲ್ಲಾಪುರದ ಮೇಲೆ ಮುಂಬಯಿ ತಲುಪಿದೆವು. ಬಾಂದ್ರಾ-ಕುರ್ಲಾದ ಆ ಕಟ್ಟಡದೊಳಕ್ಕೆ ಆಕೆಯೊಬ್ಬರೇ ಹೋದರು, ಇಳಕಲ್ಲ ಸೀರೆಯುಟ್ಟು, ಎದೆಗವಚಿದ ಕಡತದೊಂದಿಗೆ. ನಾನು ಎದುರಿನ ಕಾಲುದಾರಿಯಲ್ಲಿ ನಿಂತು, ಭಾಷಾಂತರದಲ್ಲಿ ಏನಾದರೂ ತಪ್ಪಿದೆಯೋ ಎಂದು ನಕಲುಗಳನ್ನು ನೂರನೆಯ ಸಲ ತಿರುವಿಹಾಕಿದೆ. ಸೊಲ್ಲಾಪುರದ ನಿಂಬೆಯ ಪೇಟೆಯಲ್ಲಿ ಕಲಿತ ಹಿಂದಿಯಲ್ಲೇ ಉತ್ತರಿಸಿದರಂತೆ. ಅಧಿಕಾರಿ ಕೇಳಿದ್ದು ನಾಲ್ಕೋ ಐದೋ ಪ್ರಶ್ನೆ. ಅಣ್ಣನ ಪ್ರಮಾಣಪತ್ರವನ್ನು ಮಾತ್ರ ಬಹಳ ಹೊತ್ತು ಓದಿದರಂತೆ. ಎಷ್ಟು ದಿನ ಇರುತ್ತೀರೆಂದು ಕೇಳಲೇ ಇಲ್ಲ.

ವೀಸಾ ಬಂದಿತು. ಅದರ ಅವಧಿ ಆರು ತಿಂಗಳಿಗೆ ಒಳಗೆ; ಮಗ ಅವಸರಪಡಿಸಿದರೂ ಆಕೆ ಕೇಳಲಿಲ್ಲ. ಎಳ್ಳಮಾಸಿಯ ದಿನ ಸಿಂದಗಿಯಿಂದ ಮಗಳನ್ನೂ ಮೊಮ್ಮಕ್ಕಳನ್ನೂ ಕರೆಯಿಸಿ, ಹೊಲದ ನಾಲ್ಕು ಮೂಲೆಗೂ ತಾವೇ ನಡೆದು ಚರಗ ಚೆಲ್ಲಿದರು. ನಮಗೆಲ್ಲ ಸಜ್ಜೆಯ ಕಡುಬು, ಭಜ್ಜಿ, ಪುಂಡಿಪಲ್ಲೆ ಬಡಿಸಿದರು. ಹತ್ತು ದಿನದ ಮೇಲೆ ಹೊರಟರು. ನಿಂಬೆಯ ತೋಟವನ್ನು ಎರಡು ವರ್ಷಕ್ಕೆ ಲಾವಣಿಗೆ ಕೊಟ್ಟಿದ್ದಾರೆ. ಮನೆಯ ಕೀಲಿಕೈ ಸಿಂದಗಿಯಲ್ಲಿದೆ.